ಹುಕ್ಕಿಲ್ಲದ ರವಿಕೆ

ಸಿಸ್ಟರ್ ಆ ರವಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಟ್ಯೂಬ್‌ಲೈಟಿನ ಬೆಳಕಿಗೆ ಎತ್ತಿದರು. ಐದು ಹುಕ್ಕಿನಲ್ಲಿ ಮೂರು ಇರಲಿಲ್ಲ. ಕಂಕುಳ ಹತ್ತಿರ ಬೆವರಿನ ಕಲೆ ಹಳದಿಗಟ್ಟಿತ್ತು. "ಟೀಚರ್, ಇದನ್ನ ನಿಮ್ಮ ಮಗಳಿಗೆ ಕೊಡ್ತೀರಾ ನೀವು?" ಎಂದು ಕೇಳಿದರು. ಗದರಿಸುವ ದನಿಯಲ್ಲ, ನಿಜವಾಗಿಯೂ ಉತ್ತರ ಬೇಕು ಅನ್ನುವ ಹಾಗೆ ಕೇಳಿದ್ದು. ನಾನು ಇಲ್ಲ ಎಂದು ತಲೆಯಾಡಿಸಿದೆ. "ಹಾಗಾದ್ರೆ ಆ ಕಡೆ ಹಾಕಿ" ಎಂದು ಮೂಲೆಯಲ್ಲಿದ್ದ ಗೋಣಿಚೀಲ ತೋರಿಸಿದರು. ನೆಲ ಒರೆಸುವ ಬಟ್ಟೆಗೆ ಇಟ್ಟಿದ್ದ ಚೀಲ ಅದು. ಆ ರವಿಕೆ ನಾನೇ ತಂದದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

2023ರ ಜುಲೈ ಕೊನೆ. ಹಾಸನದಲ್ಲಿ ಬಿಡದೆ ಸುರಿಯುವ ಮಳೆ. ಮೇ 3ರಂದು ಮಣಿಪುರದಲ್ಲಿ ಮೈತೇಯಿ, ಕುಕಿ-ಜೋ ಜನರ ನಡುವೆ ಹೊತ್ತಿಕೊಂಡ ಗಲಭೆ ಇನ್ನೂ ಉರಿಯುತ್ತಲೇ ಇತ್ತು. ಇಬ್ಬರು ಹೆಣ್ಣುಮಕ್ಕಳನ್ನು ಬೆತ್ತಲೆ ಮಾಡಿ ನಡೆಸಿಕೊಂಡು ಹೋದ ಆ ವಿಡಿಯೋ ಹೊರಬಿದ್ದು ವಾರವಾಗಿತ್ತು. ಭಾನುವಾರದ ಪೂಜೆಯಲ್ಲಿ ಫಾದರ್ ಪ್ರಬೋಧನೆ ಮಾಡುವಾಗ ಮಾತು ಕಟ್ಟಿ ಎರಡು ಸಲ ನಿಲ್ಲಿಸಿದರು. ಕಾಣಿಕೆ ಕೊಡಿ ಎಂದಷ್ಟೇ ಅವರು ಹೇಳಿದ್ದು, ಬಟ್ಟೆ ತನ್ನಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಮಾರನೆಯ ದಿನದಿಂದ ಜನ ಕವರು ಕವರು ಬಟ್ಟೆ ತಂದು ಚರ್ಚಿನ ಹಾಲಿನಲ್ಲಿ ಇಟ್ಟು ಹೋದರು. ಯಾಕೆ ಬಟ್ಟೆಯೇ? ನನಗೆ ಆಮೇಲೆ ಹೊಳೆದದ್ದು ಇಷ್ಟು. ಆ ವಿಡಿಯೋ ನೋಡಿದವರಿಗೆ, ನೋಡದೆ ಕೇಳಿದವರಿಗೂ, ಮನಸ್ಸಿಗೆ ಮೊದಲು ಬಂದದ್ದು ಆ ಮಕ್ಕಳ ಮೈ ಮುಚ್ಚಬೇಕು ಅನ್ನುವುದೇ ಇರಬೇಕು. ನಾನೂ ಅದೇ ಸಂಕಟದಲ್ಲಿ ಬೀರು ತೆಗೆದು, ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಹೋದೆ. ಸಂಕಟ ನಿಜವಾದದ್ದು. ರವಿಕೆಯ ಹುಕ್ಕು ಇರಲಿಲ್ಲ ಅನ್ನುವುದೂ ಅಷ್ಟೇ ನಿಜ. ಈ ಎರಡೂ ಒಂದೇ ಕೈಯಲ್ಲಿ ಹೇಗೆ ಇದ್ದವು ಎಂಬುದು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಆ ಸಿಸ್ಟರ್ ಮೂಲತಃ ಚಿಕ್ಕಮಗಳೂರು ಜಿಲ್ಲೆಯವರು, ಕಳಸದ ಕಡೆಯವರು. ಈಶಾನ್ಯದ ಬೆಟ್ಟಗಳಲ್ಲಿ ಬಹಳ ವರ್ಷ ಶಾಲೆ ನಡೆಸಿದವರು. ಮಂಡಿನೋವಿನ ಔಷಧಿಗೆಂದು ಊರ ಕಡೆ ಬಂದವರು ನಮ್ಮಲ್ಲಿ ಹದಿನೈದು ದಿನ ಉಳಿದಿದ್ದರು. ಮೂವರು ಹೆಂಗಸರು ಸೇರಿ ಮೂರು ಮಧ್ಯಾಹ್ನ ಆ ಬಟ್ಟೆ ಆರಿಸಿದೆವು. ಕೊನೆಗೆ ಉಳಿದದ್ದು ಕಾಲು ಭಾಗ. ಅದನ್ನೂ ಮಣಿಪುರಕ್ಕೆ ಕಳಿಸಲಿಲ್ಲ. "ಇಲ್ಲಿಂದ ಅಲ್ಲಿಗೆ ಲಾರಿ ಬಾಡಿಗೆ ಎಷ್ಟಾಗತ್ತೆ ಲೆಕ್ಕ ಹಾಕಿ" ಎಂದರು ಸಿಸ್ಟರ್. "ಆ ದುಡ್ಡಲ್ಲಿ ಅಲ್ಲೇ ಹೊಸ ಬಟ್ಟೆ ಸಿಗತ್ತೆ. ಅಂಗಡಿಯವನಿಗೂ ವ್ಯಾಪಾರ. ಆ ಹೆಂಗಸು ತನಗೆ ಬೇಕಾದ ಬಣ್ಣ ಆರಿಸ್ಕೋತಾಳೆ." ಬಣ್ಣ ಆರಿಸಿಕೊಳ್ಳುವ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಎಲ್ಲ ಕಳೆದುಕೊಂಡು ಬಂದವಳಿಗೂ ಇಷ್ಟದ ಬಣ್ಣ ಅಂತ ಒಂದು ಇರುತ್ತದೆ ಎಂದು ನಾನು ಅಲ್ಲಿವರೆಗೆ ಯೋಚಿಸಿಯೇ ಇರಲಿಲ್ಲ.

ಒಂದು ಕೊಡ ನೀರು

ಮಣಿಪುರದಲ್ಲಿ ಮನೆ ಬಿಟ್ಟವರ ಸಂಖ್ಯೆ 60,000 ದಾಟಿತು. ಬೆಟ್ಟದ ಕುಕಿ-ಜೋ ಜನ ಚುರಾಚಾಂದಪುರ, ಕಾಂಗ್‌ಪೋಕ್ಪಿ ಕಡೆಯ ಕ್ಯಾಂಪುಗಳಲ್ಲಿ, ಕಣಿವೆಯ ಮೈತೇಯಿ ಜನ ಇಂಫಾಲ, ಬಿಷ್ಣುಪುರ ಕಡೆಯ ಕ್ಯಾಂಪುಗಳಲ್ಲಿ. ಶಾಲೆ, ಕಾಲೇಜು, ಚರ್ಚಿನ ಹಾಲು, ಮಾರುಕಟ್ಟೆ ಕಟ್ಟಡ, ಎಲ್ಲಿ ಸೂರಿತ್ತೋ ಅಲ್ಲಿ. ಕಾನೂನಿನ ಲೆಕ್ಕದಲ್ಲಿ ಇವರು ನಿರಾಶ್ರಿತರೂ ಅಲ್ಲ. ದೇಶದ ಗಡಿ ದಾಟಿದವರಿಗೆ ಮಾತ್ರ ಆ ಹೆಸರು. ಗಡಿಯೊಳಗೇ ಊರು ಕಳೆದುಕೊಂಡವರು 'ಆಂತರಿಕ ಸ್ಥಳಾಂತರಿತರು'. 2024ರ ಕೊನೆಗೆ ವಿಶ್ವಸಂಸ್ಥೆ ಕೊಟ್ಟ ಲೆಕ್ಕದಲ್ಲಿ ಪ್ರಪಂಚದಲ್ಲಿ ಹೀಗೆ ಬಲವಂತವಾಗಿ ನೆಲೆ ತಪ್ಪಿದವರು 12.32 ಕೋಟಿ. ಅದರಲ್ಲಿ 7.35 ಕೋಟಿ ಜನ ತಮ್ಮ ದೇಶದೊಳಗೇ ಪರದೇಶಿಗಳಾದವರು. ಕರ್ನಾಟಕದ ಜನಸಂಖ್ಯೆ ಇದಕ್ಕಿಂತ ಕಡಿಮೆ.

ಸಿಸ್ಟರ್ ಹತ್ತಿರ ಒಂದು ಹಳೆಯ ಡೈರಿ ಇತ್ತು. ಅದರ ರಟ್ಟಿನ ಒಳಬದಿಯಲ್ಲಿ ನಾಲ್ಕು ಅಂಕಿ ಬರೆದುಕೊಂಡಿದ್ದರು: 15, 3.5, 20, 2,100. ಏನಿದು ಎಂದು ಕೇಳಿದೆ. ಯುದ್ಧ, ಭೂಕಂಪ, ಪ್ರವಾಹ ಅಂದಾಗ ಕೆಲಸ ಮಾಡುವ ಸಂಸ್ಥೆಗಳೆಲ್ಲ 1997ರಿಂದ ಸೇರಿ ರೂಪಿಸಿಕೊಂಡ ಕನಿಷ್ಠ ಮಟ್ಟ ಅದಂತೆ, 'ಸ್ಫಿಯರ್' ಎಂದು ಹೆಸರು. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು. ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ. ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಪ್ಲಾಸ್ಟಿಕ್ ಕೊಡ. ಒಬ್ಬರಿಗೆ ಸೂರಿನ ಕೆಳಗೆ 3.5 ಚದರ ಮೀಟರ್ ಜಾಗ. 20 ಜನಕ್ಕೆ ಒಂದು ಕಕ್ಕಸು. ದಿನಕ್ಕೆ 2,100 ಕ್ಯಾಲೊರಿ ಊಟ. ಅವತ್ತು ಸಂಜೆ ಮನೆಗೆ ಬಂದು ಅಳತೆಪಟ್ಟಿ ಹಿಡಿದು ಮೂರೂವರೆ ಚದರ ಮೀಟರ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಆರಡಿ ಉದ್ದ, ಆರಡಿ ಅಗಲಕ್ಕಿಂತ ಚೂರು ಹೆಚ್ಚು. ಒಂದು ಚಾಪೆ, ಒಂದು ಟ್ರಂಕು, ಒಂದು ಒಲೆ. ಮಗಳು ಬಂದು "ಏನಮ್ಮ ಇದು?" ಅಂದಳು. ಇಬ್ಬರೂ ಅದರೊಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಇದು ಕನಿಷ್ಠ, ಎಷ್ಟೋ ಕಡೆ ಇಷ್ಟೂ ಸಿಗುವುದಿಲ್ಲ ಎಂದು ಸಿಸ್ಟರ್ ಹೇಳಿದ್ದು ನೆನಪಿತ್ತು.

ಸೇವೆ ಅಂದರೆ ಕರುಣೆ ಎಂದಷ್ಟೇ ತಿಳಿದು ಬೆಳೆದವಳು ನಾನು. ಕರುಣೆಗೆ ಅಳತೆ, ತೂಕ, ಲೆಕ್ಕ ಇರಬಾರದು ಅನ್ನುವ ಭಾವನೆ ನಮಗೆಲ್ಲ ಇದೆ. ಆದರೆ ಆ ನಾಲ್ಕು ಅಂಕಿಗಳಲ್ಲಿ ನಾನು ಕಂಡ ಮರ್ಯಾದೆ ನನ್ನ ಬಟ್ಟೆಯ ಕವರಿನಲ್ಲಿ ಇರಲಿಲ್ಲ. ಇಷ್ಟು ಕೊಟ್ಟರೆ ಉಪಕಾರ ಎಂದು ಅವು ಹೇಳುವುದಿಲ್ಲ. ಇಷ್ಟು ಸಿಗದಿದ್ದರೆ ಅನ್ಯಾಯ ಎಂದು ಹೇಳುತ್ತವೆ.

ಅಜ್ಜಿಯ ಒರಳು

ನಮ್ಮದು ಶೆಟ್ಟಿಹಳ್ಳಿ ಪಕ್ಕದ ಊರು. ಅಂದರೆ, ಆಗಿತ್ತು. ಗೊರೂರಿನ ಹತ್ತಿರ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಆಗ ನನಗೆ ಏಳು ವರ್ಷ. ಈಗ ಮಳೆಗಾಲದಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿಯ ಚರ್ಚನ್ನು ನೋಡಲು ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಾರೆ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಸರ ಮಾತೆಯ ದೇವಾಲಯ ಅದು. ನಮ್ಮಜ್ಜಿ ಮದುವೆಯಾದದ್ದು ಅಲ್ಲಿ, ನನಗೆ ದೀಕ್ಷಾಸ್ನಾನ ಆದದ್ದೂ ಅಲ್ಲಿ. ಬರುವವರ ಮೇಲೆ ನನಗೆ ಬೇಸರವಿಲ್ಲ. ಕಲ್ಲು ನೀರಿನ ಮೇಲೆ ನಿಂತಿರುವುದು ಚೆಂದವೇ ಕಾಣುತ್ತದೆ.

ಅಣೆಕಟ್ಟಿಗೆ ಊರು ಬಿಟ್ಟದ್ದನ್ನು ಗುಂಡಿಗೆ, ಬೆಂಕಿಗೆ ಹೆದರಿ ಊರು ಬಿಟ್ಟದ್ದಕ್ಕೆ ಹೋಲಿಸುವುದು ತಪ್ಪು. ನಮಗೆ ನೋಟಿಸು ಬಂತು, ದಿನ ಸಿಕ್ಕಿತು, ಗಾಡಿಯಲ್ಲಿ ಸಾಮಾನು ತುಂಬಿಕೊಂಡೆವು. ಯಾರೂ ಬೆನ್ನಟ್ಟಲಿಲ್ಲ. ಪರಿಹಾರದ ಜಮೀನಿಗಾಗಿ ಕಚೇರಿ ಅಲೆದು ಅಲೆದು ಎಷ್ಟೋ ಮನೆಗಳಲ್ಲಿ ಒಂದು ತಲೆಮಾರೇ ಸವೆಯಿತು ಅನ್ನುವುದು ಬೇರೆ ಮಾತು, ಅದನ್ನು ಹಾಸನ ಜಿಲ್ಲೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆದರೆ ಆಗ ಕಂಡ ಒಂದು ಸಂಗತಿ ನನಗೆ ಈಗ ಕ್ಯಾಂಪಿನ ಸುದ್ದಿ ಕೇಳುವಾಗಲೆಲ್ಲ ಕಣ್ಣ ಮುಂದೆ ಬರುತ್ತದೆ.

ಊರು ಬಿಟ್ಟ ಮೇಲೆ ಹತ್ತು ತಿಂಗಳು ನಾವು ಹಾಸನದಲ್ಲಿ ಅಪ್ಪನ ಸೋದರತ್ತೆಯ ಮನೆಯಲ್ಲಿ ಇದ್ದೆವು. ಅತ್ತೆಯಜ್ಜಿ ಒಳ್ಳೆಯವರು. ನಮ್ಮಜ್ಜಿಗೆ "ನೀನು ಕೂತ್ಕೊ ಅಕ್ಕ, ಸಾಕು ಮಾಡಿದ್ದು" ಎಂದು ಒಂದು ಕೆಲಸ ಮುಟ್ಟಗೊಡುತ್ತಿರಲಿಲ್ಲ. ಅಜ್ಜಿ ದಿನೇ ದಿನೇ ಇಳಿದುಹೋದರು. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುವುದು, ಗೋಡೆ ಕಡೆ ಮುಖ ಮಾಡಿ ಮಲಗುವುದು. ಡಾಕ್ಟರ ಹತ್ತಿರವೂ ಆಯಿತು. ಒಂದು ದಿನ ಅಪ್ಪ ಏನೋ ಯೋಚಿಸಿ, ಊರಿಂದ ತಂದು ಹಿತ್ತಲಲ್ಲಿ ಹಾಕಿದ್ದ ನಮ್ಮ ಒರಳುಕಲ್ಲನ್ನು ಇಬ್ಬರು ಆಳು ಹಿಡಿದು ಪಡಸಾಲೆಯ ಮೂಲೆಗೆ ತಂದು ನಿಲ್ಲಿಸಿದರು. ಅವತ್ತು ಸಂಜೆ ಅಜ್ಜಿ ಎದ್ದು ಸೆರಗು ಸಿಕ್ಕಿಸಿಕೊಂಡು ನೆನೆಹಾಕಿದ್ದ ಅಕ್ಕಿ ತಾವೇ ರುಬ್ಬಿದರು. ಮಾರನೆಯ ದಿನ ಪಕ್ಕದ ಮನೆಯವರ ಅಕ್ಕಿಯನ್ನೂ ರುಬ್ಬಿಕೊಟ್ಟರು. ಅದಾದ ಮೇಲೆ ಬೀದಿಯಲ್ಲಿ ಯಾರ ಮನೆಯಲ್ಲಿ ಕಡುಬು ಮಾಡಿದರೂ ಹಿಟ್ಟು ನಮ್ಮಜ್ಜಿಯದೇ. ನಾನು ದೊಡ್ಡವಳಾದ ಮೇಲೆ ಕೇಳಿದ್ದಕ್ಕೆ ಅವರು ಹೇಳಿದ್ದು: "ಸುಮ್ನೆ ಕೂತ್ಕೊಂಡು ಉಂಡ್ರೆ ಅನ್ನ ಗಂಟ್ಲಲ್ಲಿ ಇಳಿಯಾಕಿಲ್ಲ ಕಣವ್ವ."

ಇನ್ನೊಂದು ನೆನಪು ಅದರ ಜೊತೆಗೇ ಇದೆ. ಆ ಹತ್ತು ತಿಂಗಳೂ ನಮ್ಮ ಹಳೆಯ ಚರ್ಚಿನ ಸ್ವಾಮಿಗಳು, ಅಂದರೆ ಪಾದ್ರಿಗಳು, ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಅವರ ಕೈಯಲ್ಲಿ ಪರಿಹಾರವೂ ಇರಲಿಲ್ಲ, ಶಿಫಾರಸೂ ಇರಲಿಲ್ಲ. ಕಾಫಿ ಕುಡಿದು, ಯಾರ ಎಮ್ಮೆ ಯಾವ ಊರಿಗೆ ಹೋಯಿತು, ಯಾರು ಎಲ್ಲಿ ಗುಡಿಸಲು ಹಾಕಿದರು ಎಂದು ಸುದ್ದಿ ಹೇಳಿ ಹೋಗುತ್ತಿದ್ದರು. ಚದುರಿದ ಊರನ್ನು ಆ ಒಂದು ಸೈಕಲ್ಲು ಸ್ವಲ್ಪ ದಿನ ಹಿಡಿದಿಟ್ಟಿತ್ತು ಅಂತ ಈಗ ಅನ್ನಿಸುತ್ತದೆ.

ಜೊತೆಗಿರುವುದು

ಯೇಸು ಸಭೆ ಎಂಬ ಕಥೋಲಿಕ ಸಂನ್ಯಾಸಿ ಸಂಘದ ಗುರುಗಳು ನಿರಾಶ್ರಿತರಿಗಾಗಿ ನಡೆಸುವ ಜೆಸ್ವಿಟ್ ರೆಫ್ಯೂಜಿ ಸರ್ವಿಸ್ ಎಂಬ ಸಂಸ್ಥೆ ತನ್ನ ಕೆಲಸವನ್ನು ಮೂರು ಮಾತಲ್ಲಿ ಹೇಳಿಕೊಳ್ಳುತ್ತದೆ: ಜೊತೆಗಿರುವುದು, ಸೇವೆ ಮಾಡುವುದು, ಅವರ ಪರ ದನಿಯೆತ್ತುವುದು. ಸೇವೆಗಿಂತ ಮುಂಚೆ ಜೊತೆಗಿರುವುದು ಬಂದದ್ದು ಯಾಕೆ ಎಂದು ತಿಳಿಯಲು ಆ ಸಂಸ್ಥೆ ಹುಟ್ಟಿದ ಬಗೆ ನೋಡಬೇಕು. 1979ರಲ್ಲಿ, ಅಂದರೆ ನಮ್ಮೂರಿಗೆ ನೀರು ಬಂದ ವರ್ಷವೇ, ವಿಯೆಟ್ನಾಂನಿಂದ ದೋಣಿಗಳಲ್ಲಿ ತಪ್ಪಿಸಿಕೊಂಡು ಹೊರಟವರು ಸಮುದ್ರದಲ್ಲಿ ಸಾಯುತ್ತಿದ್ದ ಸುದ್ದಿ ಯೇಸು ಸಭೆಯ ಮುಖ್ಯಸ್ಥರಾಗಿದ್ದ ಫಾದರ್ ಪೆದ್ರೊ ಅರುಪೆಯವರನ್ನು ಕದಡಿತು. ಆ ಕ್ರಿಸ್ಮಸ್ ಹೊತ್ತಿಗೆ ಅವರು ಬೇರೆ ಬೇರೆ ದೇಶದ ತಮ್ಮವರಿಗೆ ತಂತಿ ಕಳಿಸಿ ಏನು ಮಾಡಬಲ್ಲಿರಿ ಎಂದು ಕೇಳಿದರು. 1980ರ ನವೆಂಬರ್ 14ರಂದು ಸಂಸ್ಥೆ ಶುರುವಾಯಿತು. ಈ ಅರುಪೆ 1945ರ ಆಗಸ್ಟ್ 6ರಂದು ಹಿರೋಶಿಮಾದ ಅಂಚಿನಲ್ಲಿದ್ದವರು. ವೈದ್ಯಕೀಯ ಓದಿದ್ದರಿಂದ ತಮ್ಮ ಗುರುಮಠವನ್ನೇ ಆಸ್ಪತ್ರೆ ಮಾಡಿ ಸುಟ್ಟ ಮೈಗಳನ್ನು ತೊಳೆದವರು. ಯಾವ ಔಷಧಿ ಕೊಡಬೇಕೆಂದು ಲೋಕದಲ್ಲಿ ಯಾರಿಗೂ ಗೊತ್ತಿರದ ಗಾಯಗಳವು. ಗೊತ್ತಿಲ್ಲದಿದ್ದರೂ ಬಿಟ್ಟು ಹೋಗದೆ ಪಕ್ಕದಲ್ಲಿ ಕೂತವರಿಗೆ ಮಾತ್ರ ಜೊತೆಗಿರುವುದು ಎಂಬುದು ಮೊದಲ ಮಾತಾಗಿ ಬರಲು ಸಾಧ್ಯ.

ಜೊತೆಗಿರುವುದಕ್ಕೆ ಬೆಲೆಯೂ ಇದೆ. ತಮಿಳುನಾಡಿನ ಫಾದರ್ ಅಲೆಕ್ಸಿಸ್ ಪ್ರೇಮ್‌ಕುಮಾರ್ ಅಫ್ಘಾನಿಸ್ತಾನದ ಹೆರಾತ್ ಹತ್ತಿರ, ಇರಾನ್ ಪಾಕಿಸ್ತಾನಗಳಿಂದ ಮರಳಿ ಬಂದ ಅಫ್ಘನ್ ಕುಟುಂಬಗಳ ಮಕ್ಕಳು ಓದುವ ಒಂದು ಹಳ್ಳಿ ಶಾಲೆಯಿಂದ 2014ರ ಜೂನ್ 2ರಂದು ಅಪಹರಣವಾದರು. ಬಿಡುಗಡೆಯಾದದ್ದು 2015ರ ಫೆಬ್ರವರಿಯಲ್ಲಿ, ಎಂಟು ತಿಂಗಳ ಮೇಲೆ. ಮರುವರ್ಷ, 2016ರ ಮಾರ್ಚ್ 4ರಂದು, ಯೆಮೆನ್‌ನ ಏಡನ್ ಪಟ್ಟಣದಲ್ಲಿ ಮದರ್ ತೆರೇಸಾ ಸಭೆಯ ವೃದ್ಧಾಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿ 16 ಜನರನ್ನು ಕೊಂದರು. ಅವರಲ್ಲಿ ನಾಲ್ವರು ಸಿಸ್ಟರುಗಳು. ರುವಾಂಡಾದ ಇಬ್ಬರು, ಕೀನ್ಯಾದವರೊಬ್ಬರು, ನಮ್ಮ ದೇಶದವರೊಬ್ಬರು. ಯುದ್ಧ ಶುರುವಾದಾಗ ಹೊರಡಲು ಅವಕಾಶವಿದ್ದೂ, ಹಾಸಿಗೆ ಹಿಡಿದ ಮುದುಕರನ್ನು ಯಾರು ನೋಡುತ್ತಾರೆ ಎಂದು ಉಳಿದವರು. ಅವತ್ತು ಅಲ್ಲಿಂದ ಒಯ್ದ ಫಾದರ್ ಟಾಮ್ ಅವರನ್ನು ಬಿಟ್ಟದ್ದು ಹದಿನೆಂಟು ತಿಂಗಳ ನಂತರ. ಅವರು ಸಲೇಷಿಯನ್ ಎಂಬ ಸಭೆಯ ನಮ್ಮ ಬೆಂಗಳೂರು ಪ್ರಾಂತದ ಗುರು. ಅವರಿಗಾಗಿ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಜಪಸರ ಹೇಳಿದ ಸಂಜೆಗಳು ನನಗೆ ಚೆನ್ನಾಗಿ ನೆನಪಿವೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಮೆತ್ತಗೆ ಕೇಳಿದರು: "ಬೇಜಾರ್ ಮಾಡ್ಕೋಬೇಡಿ ಮೇಡಂ, ಇದೆಲ್ಲ ಕೊನೆಗೆ ಮತಾಂತರಕ್ಕೇ ಅಲ್ವಾ?" ಬೇಜಾರಾಗಲಿಲ್ಲ, ಕೇಳಬೇಕಾದ ಪ್ರಶ್ನೆಯೇ. ಏಡನ್‌ನ ಆ ಮುದುಕರು ಮುಸಲ್ಮಾನರಾಗಿಯೇ ಉಳಿದಿದ್ದರು. ಹೆರಾತಿನ ಮಕ್ಕಳೂ ಅಷ್ಟೇ. 1994ರಲ್ಲಿ ರೆಡ್‌ಕ್ರಾಸ್ ಜೊತೆ ಸೇರಿ ಪರಿಹಾರ ಸಂಸ್ಥೆಗಳು ಒಂದು ನೀತಿ ಸಂಹಿತೆ ಮಾಡಿಕೊಂಡವು, ಕಥೋಲಿಕ ಧರ್ಮಸಭೆಯ ಕಾರಿತಾಸ್ ಅದರಲ್ಲಿ ಪಾಲುದಾರ. ನೆರವನ್ನು ಯಾವ ರಾಜಕೀಯ, ಧಾರ್ಮಿಕ ನಿಲುವನ್ನೂ ಮುಂದೊತ್ತಲು ಬಳಸಬಾರದು ಎಂಬುದು ಅದರ ಮೂರನೆಯ ಕಲಮು. ನಾನು ಅವರಿಗೆ ಇದನ್ನೆಲ್ಲ ಹೇಳಿದೆ. ಇನ್ನೊಂದು ಮಾತನ್ನೂ ಹೇಳಿದೆ: ಎಲ್ಲಾದರೂ ಯಾರಾದರೂ ಹಸಿದವನ ಮುಂದೆ ಅಕ್ಕಿ ಇಟ್ಟು ಧರ್ಮ ಬದಲಿಸು ಎಂದರೆ ಅದು ಹಸಿವಿಗೂ ಅವಮಾನ, ಯೇಸುಸ್ವಾಮಿಗೂ ಅವಮಾನ. ನಾನು ಪರದೇಶಿಯಾಗಿದ್ದೆ, ನೀವು ನನ್ನನ್ನು ಒಳಗೆ ಕರೆದಿರಿ ಎಂದು ಮತ್ತಾಯನ ಶುಭಸಂದೇಶದಲ್ಲಿ ಬರುವ ಮಾತಿನಲ್ಲಿ ಆ ಪರದೇಶಿಯ ಧರ್ಮ ಯಾವುದು ಎಂಬ ಉಲ್ಲೇಖವೇ ಇಲ್ಲ.

ಮಣಿಪುರದ ವಿಷಯದಲ್ಲಿ ಇದೇ ಮಾತು ನಮಗೇ ತಿರುಗಿ ಬರುತ್ತದೆ. ಬೆಟ್ಟದವರು ಹೆಚ್ಚಾಗಿ ಕ್ರೈಸ್ತರು, ಕಣಿವೆಯ ಮೈತೇಯಿಗಳಲ್ಲಿ ಹೆಚ್ಚಿನವರು ಹಿಂದೂಗಳು ಇಲ್ಲವೇ ತಮ್ಮದೇ ಹಳೆಯ ಸನಾಮಹಿ ಪದ್ಧತಿಯವರು. ಚರ್ಚುಗಳು ಉರಿದದ್ದನ್ನು ಕಂಡ ನಮ್ಮ ಜನರ ಸಂಕಟ ಸಹಜವಾಗಿ ಬೆಟ್ಟದ ಕಡೆಗೇ ಹರಿಯಿತು. ನಮ್ಮ ಕಾಣಿಕೆ ಎರಡೂ ಕಡೆ ಹೋಗುತ್ತದಾ ಎಂದು ನಾನು ಸಿಸ್ಟರನ್ನು ಕೇಳಿದೆ. "ಹೋಗ್ಲೇಬೇಕು ಟೀಚರ್. ಆ ಕಡೆ ತಾಯಂದಿರಿಲ್ವಾ? ಕಷ್ಟ ಇರೋದು ಕೊಡೋದ್ರಲ್ಲಲ್ಲ, ಈ ಕಡೆಯವರಿಗೆ ಆ ಕಡೆಗೂ ಕೊಟ್ವಿ ಅಂತ ಹೇಳೋದ್ರಲ್ಲಿ." ಸಿಸ್ಟರ್ ಮುಖದಲ್ಲಿ ಆಗ ಕಂಡ ದಣಿವು ಮಂಡಿನೋವಿನದಲ್ಲ.

ಕಳಲೆ

ಇಷ್ಟೆಲ್ಲ ಯೋಚಿಸಿದ್ದರೂ, ಆಗಸ್ಟಿನ ಒಂದು ಭಾನುವಾರ ನಾನು ಮತ್ತೆ ಅದೇ ತಪ್ಪಿನ ಹತ್ತಿರ ಹೋಗಿದ್ದೆ.

ನಮ್ಮ ಚರ್ಚಿಗೆ ಬರುವ ಒಬ್ಬ ಹುಡುಗಿ, ಇಲ್ಲಿ ನರ್ಸಿಂಗ್ ಓದಿ ಇಲ್ಲೇ ಕೆಲಸಕ್ಕೆ ಸೇರಿದವಳು, ಚುರಾಚಾಂದಪುರ ಜಿಲ್ಲೆಯವಳು. ಅವಳ ಊರು ಕಣಿವೆಯ ಅಂಚಿಗೆ ಇತ್ತು. ಅಪ್ಪ, ಅಮ್ಮ, ತಮ್ಮ ಕ್ಯಾಂಪಿನಲ್ಲಿದ್ದರು. ಮೇ ತಿಂಗಳಿಂದ ಅಲ್ಲಿ ಮೊಬೈಲ್ ಇಂಟರ್‌ನೆಟ್ ಬಂದ್. ಅದು ಸರಿಯಾಗಿ ಮರಳಿ ಬಂದದ್ದು ಡಿಸೆಂಬರಿನಲ್ಲಿ. ಬರೀ ದನಿ, ಅದೂ ಸಿಕ್ಕರೆ ಸಿಕ್ಕಿತು. ಅಮ್ಮನ ಮುಖ ನೋಡಿ ಮೂರು ತಿಂಗಳಾಗಿತ್ತು. ಮನೆ ಉರಿದಿದೆ ಎಂದು ಕೇಳಿದ್ದಳು, ನೋಡಿರಲಿಲ್ಲ. ನಾನು ಅವಳನ್ನು ಊಟಕ್ಕೆ ಕರೆದೆ. ಬೆಳಿಗ್ಗೆಯಿಂದ ಅಡುಗೆ. ಅವಳು ಬಂದಾಗ ಸೋಫಾದಲ್ಲಿ ಕೂರಿಸಿ, ಫ್ಯಾನ್ ಹಾಕಿ, ಪಾನಕ ಕೊಟ್ಟೆ. ತಟ್ಟೆ ತುಂಬ ಬಡಿಸಿದೆ. "ನೀನು ಏನೂ ಮುಟ್ಟಬೇಡ, ರೆಸ್ಟ್ ತಗೋ" ಎಂದೆ. ಅವಳು ತಲೆ ತಗ್ಗಿಸಿ ಎರಡು ತುತ್ತು ತಿಂದಳು. ಕೇಳಿದ್ದಕ್ಕೆ ಹೌದು, ಇಲ್ಲ. ನಾನು ಕ್ಯಾಂಪಿನ ಬಗ್ಗೆ ಕೇಳಿದಷ್ಟೂ ಅವಳು ಕುಗ್ಗುತ್ತಾ ಹೋದಳು.

ಕೈ ತೊಳೆಯಲು ಅಡುಗೆಮನೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಸಿಂಕಿನ ಪಕ್ಕ ಸ್ಟೀಲಿನ ಬೇಸಿನ್‌ನಲ್ಲಿ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಇತ್ತು. ಹಿಂದಿನ ದಿನ ಸಂತೆಯಲ್ಲಿ ಸಕಲೇಶಪುರದ ಕಡೆಯ ಹೆಂಗಸೊಬ್ಬರ ಹತ್ತಿರ ಕೊಂಡದ್ದು. ಎರಡು ಮೊಳಕೆ ಹೆಚ್ಚಿ ನೀರಿಗೆ ಹಾಕಿದ್ದೆ, ಒಂದನ್ನು ಹಾಗೇ ಸಿಪ್ಪೆ ಸಮೇತ ಇಟ್ಟಿದ್ದೆ. ಅವಳು ಆ ಇಡೀ ಮೊಳಕೆಯನ್ನು ಎತ್ತಿಕೊಂಡು ಮೂಸಿದಳು. ಬುಡದ ಕಡೆ ಮೂಸಿ, ಉಗುರಲ್ಲಿ ಸ್ವಲ್ಪ ಒತ್ತಿ ನೋಡಿದಳು. "ಆಂಟಿ, ನೈಫ್?" ಅಂದಳು.

ನಾನು ಬೇಡ ಅನ್ನಲು ಬಾಯಿ ತೆರೆದೆ. ಆ ಕ್ಷಣದಲ್ಲಿ ಅಜ್ಜಿಯ ಒರಳು ನೆನಪಾಗದಿದ್ದರೆ ಬೇಡ ಎಂದೇ ಅನ್ನುತ್ತಿದ್ದೆ. ಚಾಕು ಕೊಟ್ಟೆ. ಅವಳು ನೆಲದ ಮೇಲೆ ಪೇಪರ್ ಹಾಸಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಮೊಳಕೆಯ ಮೇಲೆ ಉದ್ದಕ್ಕೆ ಒಂದೇ ಗೀರು ಎಳೆದು ಹೆಬ್ಬೆರಳು ತೂರಿಸಿ ಹಾಳೆ ಹಾಳೆಯಾಗಿ ಸಿಪ್ಪೆ ಬಿಡಿಸಿದಳು. ನಾನು ಒಂದೊಂದೇ ಪದರ ಕೀಳುತ್ತೇನೆ, ಅವಳು ಒಂದೇ ಎಳೆತಕ್ಕೆ ಅರ್ಧ ಸುಲಿದಿದ್ದಳು. ಬುಡದ ಗಟ್ಟಿ ಭಾಗವನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿ ಎಲ್ಲಿ ಕತ್ತರಿಸಬೇಕೆಂದು ಗುರುತು ಹಿಡಿದಳು. ಆಮೇಲೆ ಎಳೆಯ ತುದಿಯನ್ನು ನೂಲಿನ ಹಾಗೆ ಸಣ್ಣಗೆ ಹೆಚ್ಚತೊಡಗಿದಳು. ಹೆಚ್ಚುತ್ತಾ ಹೆಚ್ಚುತ್ತಾ ಮಾತು ಬಂತು. ತನ್ನ ಅಮ್ಮ ಇದನ್ನು ಹುಳಿ ಬರಿಸಿ ಡಬ್ಬಿಯಲ್ಲಿ ಇಡುತ್ತಿದ್ದದ್ದು. ಮನೆ ಹಿಂದಿನ ಬಿದಿರು ಮೆಳೆ. ಬೆಂಕಿ ಹಚ್ಚಿದ ರಾತ್ರಿ ಅಪ್ಪ ಬಿಚ್ಚಿ ಓಡಿಸಿದ ಎರಡು ಹಂದಿ. ಅವು ಎಲ್ಲಿ ಹೋದವೋ ಎಂದು ಅಪ್ಪ ಫೋನಿನಲ್ಲಿ ಪ್ರತಿ ಸಲ ಕೇಳುತ್ತಾರಂತೆ, ಕ್ಯಾಂಪಿನಲ್ಲಿ ಕೂತವರು ಮಗಳನ್ನು ಕೇಳುತ್ತಾರೆ. ಇಲ್ಲಿ ಹಾಸನದಲ್ಲಿ ಅವಳೇನು ಹೇಳಬೇಕು? ಅವಳ ಕಣ್ಣಲ್ಲಿ ನೀರು ಬಂತು. ಕೈ ನಿಲ್ಲಲಿಲ್ಲ.

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ನಾವು ಕಳಲೆಯನ್ನು ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಾಯಿಸಿ, ಆಮೇಲೆ ಹೆಸರುಕಾಳು ಹಾಕಿ ಸಾರು ಮಾಡುತ್ತೇವೆ ಎಂದೆ. ಅವರು ಕುದಿಸಿ ನೀರು ಬಸಿಯುತ್ತಾರಂತೆ. ಯಾವುದು ಸರಿ ಎಂದು ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದೆವು. ಹೊರಡುವಾಗ ಅವಳು ಆಸ್ಪತ್ರೆಯಲ್ಲಿ ಕಲಿತ ಕನ್ನಡದಲ್ಲಿ "ನಾಳೆ ನೀರು ಬದಲಾಯಿಸಿ" ಎಂದು ನನಗೆ, ರೋಗಿಗೆ ಹೇಳುವ ಹಾಗೆ, ಬೆರಳು ತೋರಿಸಿ ಹೇಳಿದಳು.

ಹಿಡಿ ಅಕ್ಕಿ

ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಒಂದು ರೂಢಿ ಇದೆ. ಅನ್ನಕ್ಕೆ ಅಕ್ಕಿ ಅಳೆಯುವಾಗ ಪ್ರತಿ ಹೊತ್ತು ಒಂದು ಹಿಡಿ ಬೇರೆ ಡಬ್ಬಿಗೆ. ಅವರ ಮಾತಲ್ಲಿ ಅದು 'ಬುಹ್‌ಫಾಯ್ ಥಮ್'. ವಾರಕ್ಕೊಮ್ಮೆ ಹೆಂಗಸರು ಅದನ್ನು ಒಟ್ಟು ಮಾಡಿ ಚರ್ಚಿಗೆ ಕೊಡುತ್ತಾರೆ. ಮಠಗಳಿಗೆ, ಶಾಲೆಗಳಿಗೆ ಮುಷ್ಟಿ ಅಕ್ಕಿ ಕೂಡಿಸಿಟ್ಟ ನಮ್ಮ ಕಡೆಯ ಅಜ್ಜಿಯರಿಗೆ ಇದು ಹೊಸದೇನಲ್ಲ. 2021ರ ಫೆಬ್ರವರಿ 1ರಂದು ಮ್ಯಾನ್ಮಾರಿನಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡ ಮೇಲೆ ಗಡಿ ದಾಟಿ ಮಿಜೋರಾಮಿಗೆ ಬಂದ ಅಲ್ಲಿನ ಚಿನ್ ಬುಡಕಟ್ಟಿನ ಜನ 30,000ಕ್ಕೂ ಹೆಚ್ಚು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಗಡಿ ದಾಟಿ ಬರುವವರನ್ನು ತಡೆಯಿರಿ ಎಂದು ದೆಹಲಿಯಿಂದ ಪತ್ರವೂ ಬಂತು. ಆದರೂ ಅಲ್ಲಿನ ಚರ್ಚುಗಳು, ಯುವಕರ ಸಂಘ, ಹಳ್ಳಿಯ ಜನ ಬಾಗಿಲು ತೆಗೆದರು. ಎರಡು ವರ್ಷದ ಮೇಲೆ ಮಣಿಪುರದಿಂದ ಓಡಿ ಬಂದವರಿಗೂ ತೆಗೆದರು. ಅದು ಸಿರಿವಂತರ ರಾಜ್ಯವಲ್ಲ.

ತಮಿಳುನಾಡಿನಲ್ಲಿ 1983ರ ನಂತರ ಬಂದ ಶ್ರೀಲಂಕಾದ ತಮಿಳರು 1984ರಲ್ಲೇ ತಮ್ಮದೇ ಒಂದು ಸಂಸ್ಥೆ ಕಟ್ಟಿಕೊಂಡರು, ಓಫರ್ ಎಂದು. ನಿರಾಶ್ರಿತರೇ ನಿರಾಶ್ರಿತರಿಗಾಗಿ. ಚರ್ಚಿನ ಸಂಸ್ಥೆಗಳು ಪಕ್ಕದಲ್ಲಿ ನಿಂತವು. ಕ್ಯಾಂಪಿನ ಮಕ್ಕಳಿಗೆ ಸಂಜೆ ಪಾಠ ಹೇಳಿದವರು ಅದೇ ಕ್ಯಾಂಪಿನಲ್ಲಿ ಓದಿ ಬೆಳೆದ ಯುವಕ ಯುವತಿಯರು. ನಮ್ಮ ಹಾಸನಕ್ಕೂ ಪ್ರತಿ ಚಳಿಗಾಲ ಸ್ವೆಟರ್ ಮಾರಲು ಟಿಬೆಟಿಯನ್ನರು ಬರುತ್ತಾರಲ್ಲ, ಅರಕಲಗೂಡು ದಾಟಿ ಕುಶಾಲನಗರದ ಕಡೆ ಹೋದರೆ ಅವರ ಬೈಲಕುಪ್ಪೆ. ಅರವತ್ತರ ದಶಕದ ಆರಂಭದಲ್ಲಿ ಕಾಡು ಕಡಿದು ಜೋಳ ಬಿತ್ತಿದ ಆ ಜನ ಇವತ್ತು ನಮಗೆ ಸ್ವೆಟರಿನ ಬೆಲೆ ಹೇಳುತ್ತಾರೆ, ನಾವು ಚೌಕಾಸಿ ಮಾಡುತ್ತೇವೆ. ಕೊಡುವವರು, ಕೊಳ್ಳುವವರು ಎಂದು ಎದುರುಬದುರು ನಿಲ್ಲುವ ಹಾಗಾಯಿತಲ್ಲ, ನೆಲೆ ತಪ್ಪಿದವರಿಗೆ ಅದಕ್ಕಿಂತ ದೊಡ್ಡದು ಬೇರೆ ಇದೆಯೇ ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ಹೊರದೇಶದ ನೆರವನ್ನು ಹಠಾತ್ತನೆ ನಿಲ್ಲಿಸಿದಾಗ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್, ಜೆಸ್ವಿಟ್ ರೆಫ್ಯೂಜಿ ಸರ್ವಿಸ್ ಎರಡಕ್ಕೂ ದೊಡ್ಡ ಪೆಟ್ಟು ಬಿತ್ತು. ನಡೆಯುತ್ತಿದ್ದ ಎಷ್ಟೋ ಕೆಲಸ ರಾತ್ರೋರಾತ್ರಿ ನಿಂತವು. ಒಂದು ಸಹಿಯಿಂದ ಬಂದ ದುಡ್ಡು ಇನ್ನೊಂದು ಸಹಿಯಿಂದ ಹೋಗುತ್ತದೆ. ತಪಸ್ಸುಕಾಲದ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ, ನಮ್ಮ ಕಾಣಿಕೆ ಡಬ್ಬಿ ಅದನ್ನು ತುಂಬಲಾರದು, ಅದು ನನಗೆ ಗೊತ್ತು. ಆದರೂ ಈ ವರ್ಷ ನಮ್ಮ ಬೀದಿಯ ಆರು ಮನೆಗಳಲ್ಲಿ ಅಕ್ಕಿ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಇದೆ. ತಿಂಗಳ ಕೊನೆಗೆ ಅಕ್ಕಿ ಮಾರಿ ಬಂದ ದುಡ್ಡು ಕಳಿಸುತ್ತೇವೆ. ಆರರಲ್ಲಿ ಎರಡು ಮನೆ ಮಾತ್ರ ಕ್ರೈಸ್ತರದು. ಸ್ಟಾಫ್ ರೂಮಿನಲ್ಲಿ ಪ್ರಶ್ನೆ ಕೇಳಿದ್ದರಲ್ಲ, ಅವರ ಮನೆಯೂ ಒಂದು.

ಅದೇ 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಯುದ್ಧ ಶುರುವಾದಂದಿನಿಂದ ಅವರು ಸಂಜೆ ಏಳರ ಹೊತ್ತಿಗೆ ಗಾಜಾದ ಪವಿತ್ರ ಕುಟುಂಬ ದೇವಾಲಯಕ್ಕೆ ಫೋನ್ ಮಾಡುತ್ತಿದ್ದರು. ಅಲ್ಲಿ ಐನೂರಕ್ಕೂ ಹೆಚ್ಚು ಜನ ಆಶ್ರಯ ಪಡೆದಿದ್ದರು. ಸಾಯುವ ಎರಡು ದಿನ ಮುಂಚೆಯೂ ಫೋನ್ ಮಾಡಿದ್ದರು. ಯುದ್ಧ ನಿಲ್ಲಿಸುವ ಶಕ್ತಿ ಅವರಿಗೆ ಇರಲಿಲ್ಲ. ಇವತ್ತು ಏನು ಊಟ ಮಾಡಿದಿರಿ ಎಂದು ಕೇಳುತ್ತಿದ್ದರು. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಊಟ ಆಯ್ತಾ ಎಂದು ಕೇಳುತ್ತೇವಲ್ಲ, ಅದೇ ಪ್ರಶ್ನೆ. ಆ ಫೋನಿನ ವಿಡಿಯೋ ನೋಡಿದಾಗ ನನಗೆ ನಮ್ಮ ಸ್ವಾಮಿಗಳ ಸೈಕಲ್ಲು ನೆನಪಾಯಿತು.

ಆ ಹುಡುಗಿ ಈಗ ಗುವಾಹಟಿಯ ಒಂದು ಆಸ್ಪತ್ರೆಯಲ್ಲಿದ್ದಾಳೆ, ಅಪ್ಪ ಅಮ್ಮನಿಗೆ ಹತ್ತಿರ ಅಂತ. ಅವರು ಇನ್ನೂ ಕ್ಯಾಂಪಿನಲ್ಲೇ ಇದ್ದಾರೆ. ತಮ್ಮ ಅಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನಂತೆ. ಹಂದಿಗಳ ಸುದ್ದಿ ಇಲ್ಲ. ಹೋದ ವಾರ ಸಂತೆಗೆ ಕಳಲೆ ಬಂದಿತ್ತು. ತಂದು ಹೆಚ್ಚಿ ನೀರಿಗೆ ಹಾಕಿ ಒಂದು ಫೋಟೋ ತೆಗೆದು ಅವಳಿಗೆ ಕಳಿಸಿದೆ. ನೈಟ್ ಡ್ಯೂಟಿಯಲ್ಲಿದ್ದಳೋ ಏನೋ, ಉತ್ತರ ಬರಲಿಲ್ಲ. ಬೆಳಗಿನ ಜಾವ ಐದು ಗಂಟೆಗೆ ಫೋನು ರಿಂಗಾಯಿತು. ಹೆದರಿಕೊಂಡು ಎತ್ತಿದೆ.

"ಆಂಟಿ, ನೀರು ಬದಲಾಯಿಸಿದ್ರಾ?"